ಮುಂಬಾಗಿಲಿನ ಅಳತೆ

ಫೆಬ್ರವರಿ 6, ಮಂಗಳವಾರ

ಒಪ್ಪಿದರು! ತೊಂಬತ್ತೆಂಟು ಸಾವಿರ ಪೌಂಡಿಗೆ ಒಪ್ಪಿಬಿಟ್ಟರು. ಊಟದ ಬಿಡುವಿನಲ್ಲಿ ಮನೆ ಏಜೆಂಟ್ ಫೋನ್ ಮಾಡಿದಳು. ಮೀನು ಕಾರ್ಖಾನೆಯ ಬಿಳಿ ಟೋಪಿಯಲ್ಲೇ ಅಂಗಳಕ್ಕೆ ಓಡಿ, ಅಲ್ಲಿ ಸಿಗರೇಟು ಸೇದುತ್ತಿದ್ದವರಿಗೆಲ್ಲ ಕೂಗಿ ಹೇಳಿದೆ. ಮೂವತ್ತೊಂಬತ್ತನೇ ವಯಸ್ಸಿಗೆ ಮೊದಲ ಮನೆ. ನಮ್ಮ ವಂಶದಲ್ಲೇ ಯಾರಿಗೂ ಸ್ವಂತದ್ದು ಅಂತ ಒಂದು ಇಟ್ಟಿಗೆ ಇರಲಿಲ್ಲ.

ಈಗಿರುವ ಬಾಡಿಗೆ ಮನೆಯನ್ನು ಮಾಲೀಕ ಮಾರುತ್ತಾನಂತೆ, ಜೂನ್ ಕೊನೆಗೆ ಖಾಲಿ ಮಾಡಬೇಕು. ನಮ್ಮ ಬಂದರು ಊರು ಗ್ರಿಮ್ಸ್‌ಬಿಯಲ್ಲಿ ಬಾಡಿಗೆ ಮನೆಗಳಿಗೇನು ಬರವಿಲ್ಲ. ಆದರೆ ಕೆಳಗೇ ಮಲಗುವ ಕೋಣೆ ಇರುವುದು ಸಿಗುವುದಿಲ್ಲ. ಸಿಕ್ಕಿದರೂ ಆಕ್ಸಿಜನ್ ಯಂತ್ರದ ಜೊತೆ ಬರುವ ಮುದುಕನನ್ನು ಕಂಡರೆ ಮಾಲೀಕರು ಮುಖ ಆ ಕಡೆ ಮಾಡುತ್ತಾರೆ. ಅಪ್ಪನಿಗೆ ಮೆಟ್ಟಿಲು ಹತ್ತಲು ಆಗದು. ಸರಿಯಾದ ಮನೆ ಸಿಗದಿದ್ದರೆ ಅವನನ್ನು ವೃದ್ಧಾಶ್ರಮಕ್ಕೆ ಸೇರಿಸಿ ಎಂದು ಕೌನ್ಸಿಲ್‌ನವರು ಆಗಲೇ ಅರ್ಜಿ ಕೊಟ್ಟು ಹೋಗಿದ್ದಾರೆ. ಅಪ್ಪ ಆ ಅರ್ಜಿಯ ಮೇಲೆ ಟೀ ಲೋಟ ಇಡುತ್ತಾನೆ.

ಈ ಮನೆಯಲ್ಲಿ ಬೀದಿಯ ಕಡೆಗೆ ಕಿಟಕಿ ಇರುವ ಮುಂಗೋಣೆ ಇದೆ, ಅದು ಅಪ್ಪನಿಗೆ. ಒಂದೇ ಕೊರತೆ ಎಂದರೆ ಮುಂಬಾಗಿಲು ದಾಟಿದ ಕೂಡಲೇ ಬರುವ ಪ್ಯಾಸೇಜ್. ತೀರಾ ಇಕ್ಕಟ್ಟು. ನನ್ನ ಮೂರು ಜನರ ಸೋಫಾ ಅಲ್ಲಿ ತಿರುಗುವುದು ಅನುಮಾನ. ಡ್ಯಾರೆನ್‌ಗೆ ಅಳತೆ ಟೇಪು ತಾ ಅಂದಿದ್ದೆ, ಮರೆತು ಬಂದ. ನನ್ನ ಗಂಡ ಹೀಗೇ. ಹೋಗಲಿ, ಆರು ವರ್ಷ ಕೂಡಿಟ್ಟವಳು ನಾನು, ಮನೆ ಹುಡುಕಿದವಳೂ ನಾನು, ಸೋಫಾ ತಿರುಗಿಸುವ ಉಪಾಯವೂ ನನಗೇ ಹೊಳೆಯುತ್ತದೆ.

ಫೆಬ್ರವರಿ 15, ಗುರುವಾರ

ವಕೀಲರಾದ ಮಿಸೆಸ್ ಆಸ್‌ಗರ್ಬಿ ಅವರಿಂದ ದಪ್ಪ ಲಕೋಟೆ ಬಂತು. ಮೂವತ್ತು ಪುಟ. ಸಹಿ ಮಾಡಬೇಕಾದ ಕಡೆಗೆಲ್ಲ ಹಳದಿ ಚೀಟಿ ಅಂಟಿಸಿದ್ದರು, ನಾನು ಮಾಡಿ ಮುಗಿಸಿದೆ. ಡ್ಯಾರೆನ್ ಮಾತ್ರ ಅಡುಗೆಮನೆ ಮೇಜಿನಲ್ಲಿ ಕೂತು ಮೊದಲ ಪುಟದಿಂದ ಓದತೊಡಗಿದ. ಸಾಲಿನ ಕೆಳಗೆ ಬೆರಳಿಟ್ಟು, ತುಟಿ ಅಲುಗಿಸುತ್ತ. ಶಾಲೆಯಲ್ಲಿ ಅವನಿಗೆ ಅಕ್ಷರಗಳು ಒಂದರ ಮೇಲೊಂದು ಹತ್ತುತ್ತಿದ್ದವಂತೆ. ಬಂದರಿನ ಶೀತಲ ಗೋದಾಮಿನಲ್ಲಿ ಪೆಟ್ಟಿಗೆ ಎತ್ತುವ ಫೋರ್ಕ್‌ಲಿಫ್ಟ್ ಓಡಿಸುವವನಿಗೆ ಅದರಿಂದ ತೊಂದರೆಯಿಲ್ಲ, ನನಗೆ ಮಾತ್ರ ಕಾದು ಕಾದು ತಲೆ ಕೆಡುತ್ತದೆ.

"ವೆಂಡಿ, ಹನ್ನೊಂದನೇ ಪುಟದಲ್ಲಿ ನೋಡು," ಅಂದ. "ಮುಂಗಡ ಈಗ್ಲೇ ಕಳಿಸ್ಬೇಡಿ ಅಂತಿದೆ. ನಾವು ಕೇಳ್ದಾಗ ಮಾತ್ರ ಅಂತೆ. ಸಹಿ ಆದ ಕರಾರು ಅವರದು ನಮಗೆ, ನಮ್ಮದು ಅವರಿಗೆ ಅದಲುಬದಲು ಮಾಡ್ಕೊಳ್ಳೋಕೆ ಒಂದೆರಡು ದಿನ ಮುಂಚೆ. ಅಲ್ಲೀವರ್ಗೂ ಯಾರು ಬೇಕಾದ್ರೂ ಕೈ ಎತ್ತಬಹುದು. ಅವರೂ ಅಷ್ಟೆ, ನಾವೂ ಅಷ್ಟೆ."

"ಗೊತ್ತು ಕಣೋ."

"ನಿನ್ನ ಉಳಿತಾಯದ ಖಾತೆ ಬಗ್ಗೆನೂ ಏನೋ ಬರ್ದಿದಾರೆ. ತಡಿ, ಓದ್ತೀನಿ."

"ನೀನು ಓದಿ ಮುಗಿಸೋ ಹೊತ್ತಿಗೆ ನಾವು ಆ ಮನೇಲಿ ಮುದುಕರಾಗಿರ್ತೀವಿ," ಅಂದೆ. ಅಪ್ಪ ನಕ್ಕು ಕೆಮ್ಮಿದ. ಡ್ಯಾರೆನ್ ಕೂಡ ನಕ್ಕು, ಕಾಗದ ಮಡಿಸಿ ಡ್ರಾಯರಿಗೆ ಹಾಕಿದ.

ಮಾರ್ಚ್ 4, ಸೋಮವಾರ

ಅಪ್ಪನ ಉಸಿರು ಸರಿಯಿಲ್ಲ. ನರ್ಸ್ ಬಂದು ಬೆನ್ನಿಗೆ ಸ್ಟೆತಾಸ್ಕೋಪ್ ಇಟ್ಟು ಕೇಳಿ, ಅಡುಗೆಮನೆಗೆ ಬಂದು ನನ್ನ ಹತ್ತಿರ ಮೆಲ್ಲಗೆ, "ಈ ವರ್ಷದ ಕ್ರಿಸ್‌ಮಸ್ ನೋಡ್ತಾರೆ ಅಂತ ನಾನು ಹೇಳೋಕಾಗಲ್ಲ," ಅಂದಳು. ನಾನು ಅವಳಿಗೆ ಬಿಸ್ಕೆಟ್ ಕೊಟ್ಟೆ.

ಮಾರ್ಚ್ 8, ಶುಕ್ರವಾರ

ಏಜೆಂಟ್ ಫೋನ್ ಮಾಡಿದಳು. ಬೇರೆ ಒಂದು ಜೋಡಿ ಮನೆ ನೋಡಿ ಹೋಗಿದ್ದಾರಂತೆ, ಪೂರ್ತಿ ನಗದು ಇದೆಯಂತೆ. "ಮಾರೋರು ನಿಮ್ಮ ಮಾತಿಗೇ ನಿಂತಿದಾರೆ, ಆದ್ರೂ ಸ್ವಲ್ಪ ಬೇಗ ಮಾಡಿದ್ರೆ ಒಳ್ಳೇದು," ಅಂದಳು.

ಶುಕ್ರವಾರವಾದ್ದರಿಂದ ರೂಢಿಯಂತೆ ಕರಿದ ಮೀನು, ಚಿಪ್ಸ್ ತಂದಿದ್ದೆ. ಅಪ್ಪ ಹ್ಯಾಡಕ್ ಮೀನಿನ ಮೇಲಿನ ಹಿಟ್ಟಿನ ಪದರ ಬಿಡಿಸುತ್ತ ನನ್ನ ಮುಖ ನೋಡಿದ. ಡ್ಯಾರೆನ್ ಸಂಜೆ ಪಾಳಿಗೆ ಹೋಗಿದ್ದ.

"ಮಗಳೇ, ದುಡ್ಡಿನ ಮುಖ ತೋರಿಸದೇ ಇರೋ ಗಿರಾಕೀನ ಯಾರು ನಂಬ್ತಾರೆ? ಬೆಳಿಗ್ಗೆ ಮೀನು ಹರಾಜಲ್ಲಿ ಬೆಲೆ ಕೂಗಿದೋನು ಆಗ್ಲೇ ಎಣಿಸ್ತಿದ್ದ. ಎಣಿಸದೋನ ಪೆಟ್ಟಿಗೆ ಪಕ್ಕದೋನ ಗಾಡಿಗೆ ಹೋಗ್ತಿತ್ತು."

"ವಕೀಲರು ಕೇಳಿಲ್ಲ ಅಪ್ಪ."

"ವಕೀಲರು ಯಾವಾಗ ದುಡ್ಡು ಬೇಡ ಅಂದಿದಾರೆ?"

ಅದೂ ನಿಜವೆನಿಸಿತು. ಮುಂಗಡ ವಕೀಲರ ಕೈಲಿದೆ ಅಂದರೆ ಮಾರುವವರಿಗೂ ಧೈರ್ಯ. ನನ್ನ ಉಳಿತಾಯದ ಖಾತೆ ಮೊದಲ ಮನೆಗೆಂದೇ ಇರುವುದು. ನಾನು ಹಾಕಿದ್ದು ಎಂಟು ಸಾವಿರ, ಅದಕ್ಕೆ ಸರ್ಕಾರ ಸೇರಿಸಿದ್ದು ಎರಡು ಸಾವಿರ. ಒಟ್ಟು ಹತ್ತು. ಮುಂಗಡ ಒಂಬತ್ತು ಸಾವಿರದ ಎಂಟುನೂರು. ಅಳತೆ ಕೊಟ್ಟು ಹೊಲಿಸಿದಂತೆ ಇದೆ.

ಫೋನಿನಲ್ಲೇ ಹಣ ತೆಗೆಯುವ ಅರ್ಜಿ ಹಾಕಿದೆ. ಕಾಲು ಭಾಗ ಕಡಿತವಾಗುತ್ತದೆ ಎಂದು ಕೆಂಪು ಅಕ್ಷರದಲ್ಲಿ ಒಂದು ಎಚ್ಚರಿಕೆ ಬಂತು. ಅದು ಉಳಿತಾಯ ಮುರಿದು ರಜೆ ಕಳೆಯಲು ಸ್ಪೇನಿಗೆ ಹೋಗುವವರಿಗೆ, ಮನೆ ಕೊಳ್ಳುವವರಿಗಲ್ಲ. ಒಪ್ಪಿಗೆ ಒತ್ತಿದೆ. ಎದೆ ಹಗುರಾಯಿತು.

ಮಾರ್ಚ್ 13, ಬುಧವಾರ

ಏಳು ಸಾವಿರದ ಐನೂರು ಬಂದಿದೆ.

ಇನ್ನೊಂದು ಕಂತು ಬರಬಹುದು. ಬಂದದ್ದನ್ನು ಹಾಗೇ ವಕೀಲರ ಖಾತೆಗೆ ಕಳಿಸಿದ್ದೇನೆ.

ಮಾರ್ಚ್ 14, ಗುರುವಾರ

ಇನ್ನೊಂದು ಕಂತು ಬರುವುದಿಲ್ಲ.

ಮಿಸೆಸ್ ಆಸ್‌ಗರ್ಬಿ ತಾವೇ ಫೋನ್ ಮಾಡಿದರು. "ಮಿಸೆಸ್ ಕಿರ್ಕ್, ನಿಮ್ಮ ಹೆಸರಲ್ಲಿ ಏಳೂವರೆ ಸಾವಿರ ಬಂದಿದೆ. ಯಾರು ಕಳಿಸಿ ಅಂದ್ರು?"

"ಯಾರೂ ಅನ್ಲಿಲ್ಲ. ಮುಂಗಡ."

"ಎಲ್ಲಿಂದ ತೆಗೆದ್ರಿ?"

ಹೇಳಿದೆ. ಆಮೇಲೆ ಅವರು ನಿಧಾನವಾಗಿ ಹೇಳಿದ್ದು ಇಷ್ಟು. ಆ ಖಾತೆಯ ಹಣ ಕೊಳ್ಳುವವರ ಕೈಗೆ ಬರಲೇ ಕೂಡದು. ವಕೀಲರೇ ಬರೆದು ಕೇಳಬೇಕು, ಅದು ನೇರ ಅವರಿಗೇ ಹೋಗಬೇಕು. ನಡುವೆ ನಾನು ಮುಟ್ಟಿದರೆ ಅದು ಮನೆಗಾಗಿ ತೆಗೆದದ್ದಲ್ಲ. ಆಗ ಇಡೀ ಮೊತ್ತದ ಕಾಲು ಭಾಗ ಹೋಯಿತು. ಸರ್ಕಾರ ಕೊಟ್ಟ ಎರಡು ಸಾವಿರ, ಅದರ ಮೇಲೆ ನನ್ನದೇ ಐನೂರು. ತಿರುಗಿ ಹಾಕಿದರೂ ಬರುವುದಿಲ್ಲ.

"ಹನ್ನೊಂದನೇ ಪುಟದಲ್ಲಿ ಬರ್ದಿದ್ವಲ್ಲ," ಅಂದರು. ಬೈಯಲಿಲ್ಲ. ಬೈದಿದ್ದರೆ ನಾನೂ ಬೈಯಬಹುದಿತ್ತು. "ಇನ್ನೊಂದು ಮಾತು ಹೇಳ್ತೀನಿ. ಹಣ ಮುಂಚೆ ಕಳಿಸಿದ್ರೆ ಮನೆ ಹಿಡಿದಿಟ್ಟ ಹಾಗೆ ಆಗಲ್ಲ. ಕರಾರು ಅದಲುಬದಲಾಗೋವರ್ಗೂ ಅದು ನನ್ನ ಖಾತೇಲಿ ಸುಮ್ನೆ ಬಿದ್ದಿರುತ್ತೆ. ವಾಪಸ್ ಕಳಿಸ್ತೀನಿ. ನಾನು ಹೇಳೋವರ್ಗೂ ನಿಮ್ಮ ಹತ್ರಾನೇ ಇರ್ಲಿ."

ಕೂಸು ಹುಟ್ಟುವ ಮುಂಚೆ ಕುಲಾವಿ ಹೊಲಿಸಿದೆ. ಅದೂ ಕೂಸಿನ ಬಟ್ಟೆ ಹರಿದು.

ಮಾರ್ಚ್ 15, ಶುಕ್ರವಾರ

ಮೀನು ತಂದೆ. ತಿನ್ನಲಾಗಲಿಲ್ಲ.

ಮಾರ್ಚ್ 28, ಗುರುವಾರ

ಡ್ಯಾರೆನ್ ಬಣ್ಣದ ಅಂಗಡಿಯಿಂದ ಚಿಕ್ಕ ಚಿಕ್ಕ ಮಾದರಿ ಚೀಟಿಗಳನ್ನು ತಂದಿದ್ದಾನೆ. ಅಪ್ಪನ ಕೋಣೆಗೆ ಯಾವ ಬಣ್ಣ ಎಂದು ಇಬ್ಬರೂ ಜಗಳ ಆಡುತ್ತಿದ್ದರು. ಹಸಿರು ಮಾತ್ರ ಬೇಡ ಎಂದು ಅಪ್ಪನ ಹಟ. ಅಪ್ಪನಂಥ ಮೀನು ಹಡಗಿನವರಿಗೆ ಹಸಿರು ಆಗಿಬರುವುದಿಲ್ಲ.

"ಕ್ಲಿಫ್, ನೀವು ಹಡಗು ಬಿಟ್ಟು ಇಪ್ಪತ್ತೈದು ವರ್ಷ ಆಯ್ತು," ಅಂದ ಡ್ಯಾರೆನ್. ಮಾವನನ್ನು ಅವನು ಹೆಸರು ಹಿಡಿದೇ ಕರೆಯುತ್ತಾನೆ.

"ಕಡಲು ನನ್ನ ಬಿಟ್ಟಿಲ್ಲವಲ್ಲಯ್ಯ. ನನ್ನ ಶ್ವಾಸಕೋಶ ಕೇಳು."

ಎರಡು ವಾರದಿಂದ ಸುಳ್ಳು ಹೇಳುತ್ತಿದ್ದೇನೆ. "ಎಲ್ಲ ಸರಿಯಾಗಿದೆ, ವಕೀಲರು ನೋಡ್ಕೊಳ್ತಿದಾರೆ." ಮುಂಗಡಕ್ಕೆ ಕಡಿಮೆ ಬಿದ್ದ ಎರಡು ಸಾವಿರದ ಮುನ್ನೂರು ಎಲ್ಲಿಂದ ತರುವುದು? ವಕೀಲರ ಫೀಸಿಗೆಂದು ಡ್ಯಾರೆನ್ ಮಾಡುತ್ತಿರುವ ಓವರ್‌ಟೈಮ್ ಅದಕ್ಕೇ ಸರಿಹೋಗುತ್ತದೆ. ಮುಂಗಡಕ್ಕೆ ಇನ್ನೊಂದು ಸಾಲ ತೆಗೆದರೆ ಬ್ಯಾಂಕು ಮನೆ ಸಾಲವನ್ನೇ ನಿಲ್ಲಿಸುತ್ತದೆ. ಇವತ್ತು ಕಾರ್ಖಾನೆಯಲ್ಲಿ ಪಟ್ಟಿಯ ಮೇಲೆ ಮೀನು ಬರುತ್ತಲೇ ಇತ್ತು, ನಾನು ಅಳುತ್ತ ಪ್ಯಾಕ್ ಮಾಡುತ್ತಲೇ ಇದ್ದೆ. ಈರುಳ್ಳಿ ವಿಭಾಗ ಆಗಿದ್ದರೆ ನೆಪವಾದರೂ ಇರುತ್ತಿತ್ತು.

ಏಪ್ರಿಲ್ 9, ಮಂಗಳವಾರ

ಗೊತ್ತಾಯಿತು. ವಕೀಲರ ಕಾಗದ ಬಂದಿತ್ತು, ನಾನು ಕೆಲಸದಲ್ಲಿದ್ದೆ. ಮನೆಗೆ ಬಂದಾಗ ಡ್ಯಾರೆನ್ ಮೇಜಿನಲ್ಲಿ ಕೂತಿದ್ದ, ಬೆರಳು ಒಂದೇ ಸಾಲಿನ ಕೆಳಗೆ ನಿಂತಿತ್ತು. ಎಷ್ಟು ಸಲ ಓದಿದ್ದನೋ.

"ಮುಂಗಡದಲ್ಲಿ ಕೊರತೆ ಇರುವ ಎರಡು ಸಾವಿರದ ಮುನ್ನೂರು ಪೌಂಡಿನ ಮೂಲ ತಿಳಿಸಿ," ಎಂದು ಗಟ್ಟಿಯಾಗಿ ಓದಿದ. "ಇದೇನಿದು ವೆಂಡಿ?"

ನನಗೆ ಸಿಟ್ಟು ಬಂತು. ತಪ್ಪು ನನ್ನದು, ಸಿಟ್ಟೂ ನನ್ನದೇ. ನೀನು ಆವತ್ತೇ ಯಾಕೆ ಓದಿ ಮುಗಿಸಲಿಲ್ಲ, ನನ್ನ ಕೈ ಯಾಕೆ ಹಿಡಿಯಲಿಲ್ಲ, ಎಲ್ಲಾ ನನ್ನ ತಲೆಗೇ ಯಾಕೆ ಕಟ್ಟುತ್ತೀ, ಹೀಗೆ ಬಾಯಿಗೆ ಬಂದಿದ್ದೆಲ್ಲ ಅಂದೆ. ಜಟ್ಟಿ ನೆಲಕ್ಕೆ ಬಿದ್ದಿದ್ದ, ಮೀಸೆ ಇನ್ನೂ ಮೇಲೇ ಇತ್ತು. ಅವನು ಕೊನೆವರೆಗೂ ಕೇಳಿದ.

"ಹೌದು," ಅಂದ. "ನೀನು ತಮಾಷೆ ಮಾಡಿದ್ದಕ್ಕೆ ಡ್ರಾಯರಿಗೆ ಹಾಕಿಬಿಟ್ಟೆ. ಹಾಕಬಾರದಿತ್ತು."

ಆಮೇಲೆ ನನಗೆ ಕಿರುಚಲು ಏನೂ ಉಳಿಯಲಿಲ್ಲ. ನೆಲದ ಮೇಲೆ ಕೂತು ಅತ್ತೆ. ಅವನು ಎದ್ದು ಬಂದು ಪಕ್ಕದಲ್ಲಿ ಕೂತ. ಬಾಗಿಲಲ್ಲಿ ಅಪ್ಪ, ಆಕ್ಸಿಜನ್ ಕೊಳವೆ ಹಿಂದೆ ಎಳೆದುಕೊಂಡು ನಿಂತಿದ್ದ. ಎಲ್ಲವನ್ನೂ ಕೇಳಿದ್ದ.

ಏಪ್ರಿಲ್ 10, ಬುಧವಾರ

ಬೆಳಿಗ್ಗೆ ಅಪ್ಪ ದಿಂಬಿನ ಕೆಳಗಿನಿಂದ ಒಂದು ಪಾಸ್‌ಬುಕ್ ತೆಗೆದು ಟೋಸ್ಟಿನ ತಟ್ಟೆಯ ಪಕ್ಕ ಇಟ್ಟ. ಅದು ಯಾವುದೆಂದು ನನಗೆ ಗೊತ್ತು. ಚಿಕ್ಕಂದಿನಿಂದ ನೋಡಿದ್ದೇನೆ. ವಾರ ವಾರ ಕಟ್ಟಿದ ಮಣ್ಣಿನ ಹಣ. ಎರಡು ಸಾವಿರದ ಆರುನೂರು.

"ಅದು ನಿನ್ನ ಅಂತ್ಯಕ್ರಿಯೆದು ಅಪ್ಪ. ಮುಟ್ಟಲ್ಲ ನಾನು."

"ಮುಟ್ಟಬೇಡ. ವಕೀಲರು ಮುಟ್ಟಲಿ. ನೀನು ಮುಟ್ಟಿದ್ರೆ ಕಾಲು ಭಾಗ ಹೋಗುತ್ತೆ."

ಡ್ಯಾರೆನ್ ನಗಬಾರದೆಂದು ಟೀ ಕಡೆ ನೋಡಿದ. ನನಗೂ ನಗು ಬಂತು, ಒಂದು ತಿಂಗಳಾದ ಮೇಲೆ.

"ನಮ್ಮೋರಲ್ಲಿ ಯಾರೂ ಬೇರೆಯವರ ದುಡ್ಡಲ್ಲಿ ಮಣ್ಣಾಗಿಲ್ಲ," ಅಂದೆ. ಇದು ಅವನದೇ ಮಾತು, ನನಗೆ ಸಾವಿರ ಸಲ ಹೇಳಿದ್ದು.

"ದುಡ್ಡಿನ ಮುಖ ತೋರಿಸು ಅಂದೋನು ನಾನು. ಅದಕ್ಕೆ ದಂಡ ನಾನೇ ಕಟ್ತೀನಿ. ಮುನ್ನೂರು ಉಳಿಯುತ್ತೆ, ಹೂವಿಗೆ ಸಾಕು."

ಅಂತ್ಯಕ್ರಿಯೆಯ ಉಳಿದ ಖರ್ಚಿಗೆ ತಾನಿದ್ದೇನೆ ಎಂದು ಡ್ಯಾರೆನ್ ಅವನಿಗೆ ಹೇಳಿದ. ಅಪ್ಪ ತಲೆಯಾಡಿಸಿದ. ಮಾತು ಅಲ್ಲಿಗೆ ಮುಗಿಯಿತು.

ಏಪ್ರಿಲ್ 19, ಶುಕ್ರವಾರ

ಮನೆಯವರು ಕೊಟ್ಟ ಹಣವಾದರೆ ಅವರಿಂದ ಬ್ಯಾಂಕಿಗೆ ಒಂದು ಕಾಗದ ಬೇಕು. ಇದು ಉಡುಗೊರೆ, ಇದನ್ನು ಎಂದೂ ವಾಪಸ್ ಕೇಳುವುದಿಲ್ಲ, ಕೊಟ್ಟ ನನಗೆ ಆ ಮನೆಯಲ್ಲಿ ಪಾಲಿಲ್ಲ, ವಾಸದ ಹಕ್ಕೂ ಇಲ್ಲ ಎಂದು. ನಮೂನೆ ವಕೀಲರೇ ಕಳಿಸಿದ್ದರು. ಡ್ಯಾರೆನ್ ಓದಿ ಹೇಳಿದ, ಪೂರ್ತಿ. ನಾವಿಬ್ಬರೂ ಕಾದೆವು. 'ವಾಸದ ಹಕ್ಕೂ ಇಲ್ಲ' ಎನ್ನುವಲ್ಲಿ ಅವನ ದನಿ ಸಣ್ಣದಾಯಿತು.

"ಓದಯ್ಯ, ನಾಚ್ಕೋಬೇಡ," ಅಂದ ಅಪ್ಪ. ತಾನೇ ಸಹಿ ಮಾಡಿ, ಲಕೋಟೆಗೆ ಹಾಕಿ ಅಂಟಿಸಿದ.

ಏಪ್ರಿಲ್ 25, ಗುರುವಾರ

ಮಿಸೆಸ್ ಆಸ್‌ಗರ್ಬಿ ಕಚೇರಿಗೆ ಬರಹೇಳಿದರು. ಅಪ್ಪನ ಕಾಗದವನ್ನು ಮೇಜಿನ ಮೇಲೆ ನನ್ನ ಕಡೆ ತಿರುಗಿಸಿ ಇಟ್ಟರು. ಸಹಿಯ ಕೆಳಗೆ ಅಪ್ಪ ಎರಡು ಸಾಲು ಸೇರಿಸಿದ್ದ.

'ನಾನು ಸತ್ತಾಗ ನನ್ನನ್ನು ಈ ಮನೆಯ ಮುಂಬಾಗಿಲಿನಿಂದ ಹೊರಗೆ ತರಬೇಕು. ಬೇರೆ ಏನೂ ಬೇಡ.'

"ಇದನ್ನ ನಾನು ಬ್ಯಾಂಕಿಗೆ ಕಳಿಸೋ ಹಾಗಿಲ್ಲ," ಅಂದರು. "ಷರತ್ತು ಹಾಕಿದ್ರೆ ಅದು ಉಡುಗೊರೆ ಆಗಲ್ಲ. ಹೊಸ ಕಾಗದ ಬೇಕು, ಏನೂ ಸೇರಿಸದೆ." ಕನ್ನಡಕ ತೆಗೆದು ಒರೆಸಿಕೊಂಡರು. "ಮೂವತ್ತು ವರ್ಷದಲ್ಲಿ ಇಂಥದ್ದು ನೋಡಿಲ್ಲ. ಕ್ಷಮಿಸಿ."

ಮನೆಗೆ ಬಂದು ಅಪ್ಪನಿಗೆ ಹೇಗೆ ಹೇಳುವುದೆಂದು ಬಸ್ಸಿನಲ್ಲಿ ದಾರಿಯುದ್ದಕ್ಕೂ ಯೋಚಿಸಿದೆ. ಹೇಳಿದಾಗ ಅವನು ಕಿಟಕಿಯ ಕಡೆ ನೋಡುತ್ತಿದ್ದ.

"ನಮ್ಮಪ್ಪನ್ನ ಯಾವ ಬಾಗಿಲಿಂದಲೂ ತರಲಿಲ್ಲ," ಅಂದ. "ಐಸ್‌ಲೆಂಡ್ ಕಡೆ ಹಡಗೇ ಮುಳುಗಿ ಹೋಯ್ತು, ಹತ್ತೊಂಬತ್ತು ಜನ. ಅಮ್ಮ ಬಾಗಿಲು ತೆಗೆದಿಟ್ಟು ಎರಡು ದಿನ ಕೂತಿದ್ಲು. ನಿಮ್ಮಮ್ಮ ಹೋಗಿದ್ದು ಆಸ್ಪತ್ರೆ ಹಿಂದಿನ ಲಿಫ್ಟಿನಲ್ಲಿ, ಬಟ್ಟೆ ಗಾಡಿ ಪಕ್ಕ. ಹೆಣ ಮುಂಬಾಗಿಲಿಂದ ಹೊರಟಾಗ ನಮ್ಮ ಬೀದೀಲಿ ಎಲ್ಲರೂ ಕಿಟಕಿ ಪರದೆ ಇಳಿಸಿ, ಟೋಪಿ ತೆಗೆದು ನಿಲ್ತಾರಲ್ಲ, ಅದು ನಮ್ಮ ಮನೆಯೋರಿಗೆ ಯಾರಿಗೂ ಸಿಗ್ಲಿಲ್ಲ. ಒಂದು ಸಲ ಸಿಗ್ಲಿ ಅಂತ."

ಡ್ಯಾರೆನ್ ಮಾತಾಡಿದ. "ಕ್ಲಿಫ್, ಅದನ್ನ ಬ್ಯಾಂಕಿಗೆ ಯಾಕೆ ಹೇಳ್ತೀರಿ? ನಮಗೆ ಹೇಳಿ. ಪೆಟ್ಟಿಗೆ ಮುಂದಿನ ತುದಿ ಹೊರೋನು ನಾನು."

"ಫೋರ್ಕ್‌ಲಿಫ್ಟ್ ತರಬೇಡ ಅಷ್ಟೆ."

ಹೊಸ ಕಾಗದಕ್ಕೆ ಸಹಿ ಮಾಡಿದ. ಹಳೆಯದನ್ನು ಹರಿಯಲು ಹೋದವನ ಕೈಯಿಂದ ನಾನು ತೆಗೆದುಕೊಂಡೆ. ಈ ದಿನಚರಿಯಲ್ಲೇ ಇದೆ.

ಮೇ 21, ಮಂಗಳವಾರ

'ಈಗ ಮುಂಗಡ ಕಳಿಸಿ. ಶುಕ್ರವಾರ ಕರಾರು ಅದಲುಬದಲು ಮಾಡುತ್ತೇವೆ' ಎಂದು ವಕೀಲರ ಕಾಗದ. ಡ್ಯಾರೆನ್ ಓದಲಿ ಎಂದು ಸಂಜೆವರೆಗೆ ಲಕೋಟೆ ಒಡೆಯದೆ ಇಟ್ಟಿದ್ದೆ. ಅವನು ಎರಡು ಸಲ ಓದಿದ. ಖಾತೆ ಸಂಖ್ಯೆಯನ್ನು ಮೊದಲ ಲಕೋಟೆಯದರ ಜೊತೆ ಒಂದೊಂದೇ ಅಂಕಿ ಹಿಡಿದು ನೋಡಿದ. ನಾಳೆ ಬೆಳಿಗ್ಗೆ ಕಚೇರಿಗೆ ಫೋನ್ ಮಾಡಿ ಕೇಳಿ, ಮೊದಲು ಒಂದು ಪೌಂಡ್ ಮಾತ್ರ ಕಳಿಸೋಣ, ತಲುಪಿತು ಅಂದ ಮೇಲೆ ಉಳಿದದ್ದು ಎಂದ. ಹಾಗೇ ಮಾಡೋಣ ಅಂದೆ. ನಿಧಾನವೇನೂ ಅನ್ನಿಸಲಿಲ್ಲ, ಅಷ್ಟರಲ್ಲಿ ಟೀ ಮಾಡಿದೆ.

ಮೇ 24, ಶುಕ್ರವಾರ

ಬಟ್ಟೆ ಒಗೆಯಬೇಡ ಎಂದು ಅಪ್ಪ ಬೆಳಿಗ್ಗೆಯೇ ತಾಕೀತು ಮಾಡಿದ್ದ. ಹಡಗು ಹೊರಡುವ ದಿನ ಮನೆಯಲ್ಲಿ ಒಗೆದರೆ ಗಂಡಸರು ಕಡಲಲ್ಲಿ ಕೊಚ್ಚಿ ಹೋಗುತ್ತಾರಂತೆ. ಕೊಳೆ ಬಟ್ಟೆಯ ರಾಶಿ ಹಾಗೇ ಬಿಟ್ಟು ಮೂವರೂ ಫೋನಿನ ಮುಂದೆ ಕೂತೆವು. ಮೂರು ಗಂಟೆಗೆ ಮಿಸೆಸ್ ಆಸ್‌ಗರ್ಬಿ ಫೋನ್ ಮಾಡಿದರು. ಕರಾರು ಆಯಿತು. ಇನ್ನು ಯಾರೂ ಕೈ ಎತ್ತುವಂತಿಲ್ಲ, ನಾವು ಹಿಂದೆ ಸರಿದರೆ ಮುಂಗಡ ಹೋಗುತ್ತದೆ.

"ಈಗ ಒಗೀಬಹುದಾ?" ಅಂದೆ.

"ನಾಳೆ," ಅಂದ ಅಪ್ಪ.

ಜೂನ್ 7, ಶುಕ್ರವಾರ

ಬೀಗದ ಕೈ ಸಿಕ್ಕಿತು. ಡ್ಯಾರೆನ್ ಗೆಳೆಯನ ವ್ಯಾನಿನಲ್ಲಿ ಸಾಮಾನು, ಟ್ಯಾಕ್ಸಿಯಲ್ಲಿ ಅಪ್ಪ, ಅವನ ಸಿಲಿಂಡರು. ಟ್ಯಾಕ್ಸಿಯಿಂದ ಬಾಗಿಲಿಗೆ ಹತ್ತು ಹೆಜ್ಜೆ, ಅಷ್ಟಕ್ಕೆ ಮೂರು ಸಲ ನಿಂತ. ಹೊಸ್ತಿಲ ಮೇಲೆ ನಿಂತು ಒಳಗೆ ನೋಡಿದ, ಮೇಲೆ ನೋಡಿದ.

"ಟೇಪು ತಂದಿದೀಯೇನಯ್ಯ?"

ಈ ಸಲ ಡ್ಯಾರೆನ್ ತಂದಿದ್ದ. ಸೋಫಾಕ್ಕೆ ಎಂದುಕೊಂಡು ಪ್ಯಾಸೇಜಿನ ಅಗಲ ಹಿಡಿದ. ಮೂವತ್ತಮೂರು ಇಂಚು. ಮುಂಗೋಣೆಯ ಬಾಗಿಲು ಮೂವತ್ತು.

"ಸೋಫಾ ತಿರುಗಲ್ಲ, ಕ್ಲಿಫ್."

"ಸೋಫಾ ಯಾರು ಕೇಳಿದ್ರು?" ಅಪ್ಪ ಟೇಪಿನ ತುದಿಯನ್ನು ತನ್ನ ಒಂದು ಭುಜಕ್ಕೆ ಒತ್ತಿಕೊಂಡ. "ಆ ಕಡೆ ಹಿಡಿ. ಎಷ್ಟು?"

ಡ್ಯಾರೆನ್ ಅವನ ಇನ್ನೊಂದು ಭುಜಕ್ಕೆ ಟೇಪು ಎಳೆದು ಹಿಡಿದ. ನಾನು ಬಗ್ಗಿ ಓದಿದೆ. "ಹದಿನೇಳು, ಅಪ್ಪ."

"ನನ್ನ ಪೆಟ್ಟಿಗೆ ಹಲಗೆ, ಹಿಡಿ ಎಲ್ಲಾ ಸೇರಿ ಇಪ್ಪತ್ನಾಲ್ಕು ಅಂತಿಟ್ಕೋ. ಧಾರಾಳ ಆಯ್ತು." ಗೋಡೆ ಹಿಡಿದುಕೊಂಡು ಒಳಗೆ ನಡೆದ. "ಕೆಟಲ್ ಯಾವ ಪೆಟ್ಟಿಗೇಲಿದೆ?"

ಸೋಫಾವನ್ನು ಪಕ್ಕದ ಮನೆಯವರಿಗೆ ಕೊಟ್ಟುಬಿಟ್ಟೆವು. ಮೂವರೂ ಮುಂಗೋಣೆಯಲ್ಲಿ ಅಪ್ಪನ ಮಂಚದ ಮೇಲೆ ಸಾಲಾಗಿ ಕೂತು ಮೀನು, ಚಿಪ್ಸ್ ತಿಂದೆವು. ಕಿಟಕಿಯಿಂದ ಬೀದಿಯ ಆ ಬದಿಯ ಮನೆಗಳೆಲ್ಲ ಕಾಣುತ್ತವೆ. ಅವುಗಳಲ್ಲಿ ಎಷ್ಟಕ್ಕೆ ಪರದೆ ಇದೆ ಎಂದು ಅಪ್ಪ ಒಂದೊಂದಾಗಿ ಎಣಿಸಿದ. ಹನ್ನೆರಡು ಮನೆ, ಎಲ್ಲಕ್ಕೂ ಇದೆ.